ಸಂದೇಶ ಬೇರೆ, ಕಿಣ್ವ ಬೇರೆ, ಸಕ್ಕರೆ ಬೇರೆ

“ರಾತ್ರಿ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದ್ದು ಕಣೇ. ಅನ್ನ ಮುಟ್ಟಿಲ್ಲ, ಮುದ್ದೆ ಮುಟ್ಟಿಲ್ಲ. ಬೆಳಿಗ್ಗೆ ನೋಡಿದ್ರೆ 168. ಈ ಸಕ್ಕರೆ ಎಲ್ಲಿಂದ ಬಂತು ಹೇಳು?”

ನಮ್ಮ ದೊಡ್ಡಮ್ಮ ಕೇಳಿದ ಪ್ರಶ್ನೆ ಇದು. ಗ್ಲೂಕೋಮೀಟರನ್ನು ನನ್ನ ಕೈಗೇ ಕೊಟ್ಟು, ಕೆಟ್ಟಿದೆಯೇನೋ ನೋಡು ಅಂದರು. ಕೆಟ್ಟಿರಲಿಲ್ಲ. ಆ ಸಕ್ಕರೆ ಬಂದದ್ದು ಅವರ ಲಿವರಿನಿಂದ. ಅದನ್ನು ತಯಾರಿಸುವ ದಾರಿಯಲ್ಲಿ ಕೂತಿರುವ ಒಂದು ಕಿಣ್ವದ ಹಿಂದೆ ನನ್ನ ಸಂಶೋಧನೆಯ ಆರು ವರ್ಷ ಹೋಗಿವೆ. ಆಮೇಲೆ ಇಪ್ಪತ್ತೈದು ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಅದರದೇ ಪಾಠ ಹೇಳಿದ್ದೇನೆ. ಪೂರ್ತಿ ಹೆಸರು ಫಾಸ್ಫೊಈನಾಲ್‌ಪೈರುವೇಟ್ ಕಾರ್ಬಾಕ್ಸಿಕೈನೇಸ್. ಪ್ರಯೋಗಾಲಯದಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ, ‘ಪೆಪ್‌ಸಿಕೆ’ ಅನ್ನುತ್ತೇವೆ. ಇಲ್ಲೂ ಹಾಗೇ ಕರೆಯುತ್ತೇನೆ.

ಆ ವರ್ಷಗಳಲ್ಲಿ ಕಲಿತದ್ದನ್ನು ಹೆಚ್ಚುಕಡಿಮೆ ಕಲಿತ ಕ್ರಮದಲ್ಲೇ ಬರೆಯುತ್ತಿದ್ದೇನೆ. ಕೆಲವು ಒಂದೇ ಮಧ್ಯಾಹ್ನದಲ್ಲಿ ತಲೆಗೆ ಹತ್ತಿದವು. ಎಂಟನೆಯದಕ್ಕೆ ಹದಿನೈದು ವರ್ಷ ಹಿಡಿಯಿತು.

1. ಕಿಣ್ವ ನೋಡುವ ಮೊದಲು ದಾರಿ ನೋಡಿ

ತಿಂದ ಗ್ಲೂಕೋಸ್ ಒಡೆದು ಪೈರುವೇಟ್ ಆಗುವ ದಾರಿಯನ್ನು ಪಿಯುಸಿಯಲ್ಲೇ ಓದಿರುತ್ತೇವೆ. ಹೊಟ್ಟೆ ಖಾಲಿಯಿದ್ದಾಗ ಲಿವರ್ ಆ ದಾರಿಯಲ್ಲಿ ಹಿಂದಕ್ಕೆ ನಡೆಯುತ್ತದೆ. ಕೆಂಪು ರಕ್ತಕಣಗಳೂ ಸ್ನಾಯುಗಳೂ ಬಿಟ್ಟ ಲ್ಯಾಕ್ಟೇಟ್, ಸ್ನಾಯುವಿನಿಂದ ಬಂದ ಅಲನಿನ್, ಕೊಬ್ಬು ಕರಗಿದಾಗ ಸಿಗುವ ಗ್ಲಿಸರಾಲ್ ಇವನ್ನೆಲ್ಲ ಎತ್ತಿಕೊಂಡು ಹೊಸದಾಗಿ ಗ್ಲೂಕೋಸ್ ಕಟ್ಟುತ್ತದೆ. ಆದರೆ ಬಂದ ದಾರಿಯಲ್ಲಿ ಮೂರು ಕಡೆ ಇಳಿಜಾರು ಬಲು ಕಡಿದು, ಹತ್ತಿ ಹೋಗಲು ಆಗುವುದಿಲ್ಲ. ಅಲ್ಲೆಲ್ಲ ಬಳಸುದಾರಿ ಬೇಕು. ಮೊದಲ ಬಳಸುದಾರಿಯಲ್ಲಿ ಎರಡು ಹೆಜ್ಜೆ. ಪೈರುವೇಟ್ ಮೈಟೊಕಾಂಡ್ರಿಯದೊಳಗೆ ಹೋಗಿ ಇಂಗಾಲದ ಡೈಆಕ್ಸೈಡ್ ಸೇರಿಸಿಕೊಂಡು ಆಕ್ಸಲೊಅಸಿಟೇಟ್ ಆಗುತ್ತದೆ. ಪೆಪ್‌ಸಿಕೆ ಅದರಿಂದ ಡೈಆಕ್ಸೈಡನ್ನು ಮತ್ತೆ ಕಿತ್ತು, ಜಿಟಿಪಿಯಿಂದ ಒಂದು ಫಾಸ್ಫೇಟ್ ಕೂಡಿಸಿ, ಫಾಸ್ಫೊಈನಾಲ್‌ಪೈರುವೇಟ್ ಮಾಡಿ ಮುಂದಕ್ಕೆ ಕಳಿಸುತ್ತದೆ. ಈ ಕಿಣ್ವವನ್ನು 1954ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮೆರ್ಟನ್ ಅಟರ್ ಮತ್ತು ಕಿಯೋಶಿ ಕುರಹಾಶಿ ಕೋಳಿಯ ಲಿವರಿನಲ್ಲಿ ಗುರುತಿಸಿದರು. ಕೋಳಿ ಎಂಬುದು ಇಲ್ಲಿ ಮುಖ್ಯ, ಐದನೆಯ ಪಾಠದಲ್ಲಿ ಅದಕ್ಕೆ ಬರುತ್ತೇನೆ. ಇನ್ನೊಂದು ಮಾತನ್ನೂ ನೆನಪಿಡಿ: ಗ್ಲಿಸರಾಲ್ ಈ ದಾರಿಗೆ ಸೇರುವುದು ಪೆಪ್‌ಸಿಕೆ ಕೂತ ಜಾಗ ದಾಟಿದ ಮೇಲೆ.

ಈ ದಾರಿಗೆ ಎಷ್ಟು ಕೆಲಸವಿದೆ? ದೊಡ್ಡವರ ಮೆದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಡುತ್ತದೆ. ಲಿವರಿನಲ್ಲಿ ಗ್ಲೈಕೋಜೆನ್ ಆಗಿ ಕೂಡಿಟ್ಟದ್ದು ಹೆಚ್ಚೆಂದರೆ 100 ಗ್ರಾಂ ಆಸುಪಾಸು. ಭಾರಜಲ ಕುಡಿಸಿ ಅಳೆದ 1996ರ ಒಂದು ಅಧ್ಯಯನದಲ್ಲಿ, 14 ಗಂಟೆ ಉಪವಾಸವಿದ್ದ ಆರೋಗ್ಯವಂತರಲ್ಲಿ ಹೊರಬಂದ ಗ್ಲೂಕೋಸಿನ ಸುಮಾರು ಅರ್ಧ ಹೊಸದಾಗಿ ಕಟ್ಟಿದ್ದು. 22 ಗಂಟೆಗೆ ಮೂರರಲ್ಲಿ ಎರಡು ಪಾಲು. 42 ಗಂಟೆಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು. ಅಂದರೆ ರಾತ್ರಿ ಉಂಡು ಮಲಗಿದವರಲ್ಲೂ ಬೆಳಗಿನ ಜಾವಕ್ಕೆ ಈ ಕಾರ್ಖಾನೆ ನಡೆಯುತ್ತಲೇ ಇರುತ್ತದೆ. ಉಣ್ಣದೆ ಮಲಗಿದವರಲ್ಲಿ ಇನ್ನಷ್ಟು ಬೇಗ ಶುರುವಾಗುತ್ತದೆ.

2. ಈ ಕಿಣ್ವಕ್ಕೆ ಸ್ವಿಚ್ಚಿಲ್ಲ

ಬಹಳಷ್ಟು ಮುಖ್ಯ ಕಿಣ್ವಗಳ ಮೈಮೇಲೇ ಒಂದು ಸ್ವಿಚ್ಚಿರುತ್ತದೆ. ಪಕ್ಕದ ಪೈರುವೇಟ್ ಕಾರ್ಬಾಕ್ಸಿಲೇಸನ್ನೇ ನೋಡಿ: ಅಸಿಟೈಲ್-ಕೋಎ ಬಂದು ಅಂಟಿಕೊಂಡರೆ ಕೆಲಸ, ಇಲ್ಲವಾದರೆ ಇಲ್ಲ. ಕ್ಷಣಾರ್ಧದ ಮಾತು. ಪೆಪ್‌ಸಿಕೆಗೆ ಅಂಥದ್ದೊಂದು ಸ್ವಿಚ್ಚಿಗಾಗಿ ಬಹಳ ಜನ ಹುಡುಕಿದರು, ಗಣನೆಗೆ ಬರುವಂಥದ್ದು ಸಿಗಲಿಲ್ಲ. ದೇಹ ಇದನ್ನು ಮುಖ್ಯವಾಗಿ ಪ್ರಮಾಣದಿಂದ ಆಳುತ್ತದೆ. ಬೇಕಾದಾಗ ಹೆಚ್ಚು ತಯಾರಿಸುತ್ತದೆ, ಬೇಡವಾದಾಗ ತಯಾರಿಕೆ ನಿಲ್ಲಿಸಿ ಇದ್ದದ್ದು ಸವೆಯುವವರೆಗೆ ಕಾಯುತ್ತದೆ. ಮದುವೆ ಮನೆಯಲ್ಲಿ ನೆಂಟರು ಹೆಚ್ಚಾದರೆ ಅಡುಗೆಯವರು ಇರುವ ಒಲೆಯ ಉರಿ ಏರಿಸುವುದಿಲ್ಲ, ಇನ್ನೆರಡು ಒಲೆ ಹೂಡುತ್ತಾರೆ. ಹಾಗೆ.

ಹೀಗಿರುವುದರಿಂದಲೇ ಹಾರ್ಮೋನು ಒಂದು ಜೀನನ್ನು ಹೇಗೆ ಎಬ್ಬಿಸುತ್ತದೆ, ಹೇಗೆ ಮಲಗಿಸುತ್ತದೆ ಎಂದು ನೋಡಲು 1980ರ ದಶಕದಲ್ಲಿ ಪೆಪ್‌ಸಿಕೆಯಷ್ಟು ಒಳ್ಳೆಯ ವಸ್ತು ಬೇರೆ ಇರಲಿಲ್ಲ. ಕ್ಲೀವ್‌ಲೆಂಡಿನಲ್ಲಿ ರಿಚರ್ಡ್ ಹ್ಯಾನ್ಸನ್, ಜೆರುಸಲೇಮಿನಲ್ಲಿ ಲೇಯಾ ರೆಷೆಫ್, ಅಯೋವಾದಲ್ಲೂ ಆಮೇಲೆ ನ್ಯಾಶ್‌ವಿಲ್‌ನಲ್ಲೂ ಡಾರಿಲ್ ಗ್ರ್ಯಾನರ್ ಇದೊಂದನ್ನೇ ಹಿಡಿದು ದಶಕಗಟ್ಟಲೆ ಕೂತರು. ನಾನು ಪಿಎಚ್‌ಡಿಗೆ ಸೇರಿದ 1986ರಲ್ಲಿ ನಮ್ಮ ಗೈಡ್ ಕೈಗಿಟ್ಟ ಮೊದಲ ಲೇಖನಗಳೂ ಈ ತಂಡಗಳವೇ.

3. ಹೊತ್ತು ಬರೆದಿಡಿ

ನನ್ನ ಮೊದಲ ವರ್ಷದ ಲೆಕ್ಕ ಪೂರ್ತಿ ಕೆಟ್ಟಿತ್ತು. 24 ಗಂಟೆ ಉಪವಾಸ ಕೆಡವಿದ ಇಲಿಗಳ ಲಿವರ್ ತೆಗೆದು, ತಣ್ಣಗಿನ ಸುಕ್ರೋಸ್ ದ್ರಾವಣದಲ್ಲಿ ಅರೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿಯಲ್ಲಿ ಕಿಣ್ವದ ಚಟುವಟಿಕೆ ಅಳೆಯುವುದು ಕೆಲಸ. ಉಪವಾಸದ ಇಲಿಗಳಲ್ಲಿ ಅಂಕಿ ಮೇಲಿರಬೇಕು. ಅರ್ಧದಷ್ಟು ಇಲಿಗಳಲ್ಲಿ ಮೇಲಿತ್ತು. ಉಳಿದವುಗಳಲ್ಲಿ ಹೊಟ್ಟೆ ತುಂಬ ತಿಂದ ಇಲಿಗಳ ಹಾಗೆ ಕೆಳಗಿತ್ತು. ರಾಸಾಯನಿಕಗಳನ್ನು ಬದಲಿಸಿದೆ, ಪಿಪೆಟ್ಟುಗಳನ್ನು ಪರೀಕ್ಷಿಸಿದೆ. ಎರಡು ತಿಂಗಳು ಹಾಗೇ ಹೋಯಿತು.

ಕೊನೆಗೆ ಹೇಳಿದವರು ಪ್ರಾಣಿಗೃಹ ನೋಡಿಕೊಳ್ಳುತ್ತಿದ್ದ ಹಿರಿಯರು. “ಅಮ್ಮಾ, ತಟ್ಟೆ ತೆಗೀತೀರಿ, ಹೊಟ್ಟು ಬದಲಾಯ್ಸಲ್ಲ. ಹೊಟ್ಟಿನೊಳಗೆ ಬಿದ್ದಿರೋ ಕಾಳೆಲ್ಲ ರಾತ್ರಿ ಹೆಕ್ಕಿ ತಿಂತಾವೆ.” ಪಂಜರದಡಿ ಹಾಸಿದ ಭತ್ತದ ಹೊಟ್ಟನ್ನು ಜಾಲಿಸಿ ನೋಡಿದೆವು. ಅವರು ಹೇಳಿದ್ದು ನಿಜ. ಇಲಿ ರಾತ್ರಿ ತಿನ್ನುವ ಪ್ರಾಣಿ. ನಾವು ಸಂಜೆ ಮನೆಗೆ ಹೋದಮೇಲೆ ಅವುಗಳ ಊಟ. ಉಪವಾಸ ಎಂದು ನಾನು ಬರೆದುಕೊಂಡಿದ್ದ ಇಲಿಗಳಲ್ಲಿ ಕೆಲವು ಕೊಯ್ಯುವ ಮುಂಚಿನ ರಾತ್ರಿ ಚೆನ್ನಾಗಿಯೇ ಉಂಡಿದ್ದವು. ಅಂದಿನಿಂದ ಹೊಟ್ಟು ತೆಗೆದು ತಂತಿಯ ತಳದ ಪಂಜರ ಹಾಕಿದೆವು. ಪ್ರತಿ ಟ್ಯೂಬಿನ ಮೇಲೂ ಕೊನೆಯ ಆಹಾರದ ಗಂಟೆ, ದೀಪ ಹಾಕಿದ ಗಂಟೆ, ಕೊಯ್ದ ಗಂಟೆ ಮೂರನ್ನೂ ಬರೆಯತೊಡಗಿದೆ. ಅಂಕಿಗಳು ತಾವಾಗಿ ಸಾಲು ಹಿಡಿದು ನಿಂತವು. ಆ ಹಿರಿಯರ ಉಪಕಾರವನ್ನು ನನ್ನ ಪ್ರಬಂಧದ ಮೊದಲ ಪುಟದಲ್ಲಿ ನೆನೆದಿದ್ದೇನೆ.

ಹೊತ್ತಿನ ಇನ್ನೊಂದು ಪಾಠ ಆಮೇಲೆ ಬಂತು. ಉಪವಾಸದ ಇಲಿಗೆ ಗ್ಲೂಕೋಸ್ ಕುಡಿಸಿ ಮೂರು ಗಂಟೆ ಬಿಟ್ಟು ಲಿವರ್ ತೆಗೆದೆ. ಅರ್ಧ ಭಾಗದಲ್ಲಿ ಕಿಣ್ವ ಅಳೆದೆ, ಇನ್ನರ್ಧದಲ್ಲಿ ಆ ಕಿಣ್ವ ತಯಾರಿಸಲು ಜೀನು ಕಳಿಸುವ ಸಂದೇಶ, ಅಂದರೆ ಎಂಆರ್‌ಎನ್‌ಎ. ಸಂದೇಶದ ಪಟ್ಟಿ ಎಕ್ಸ್‌ರೇ ಫಿಲ್ಮಿನಲ್ಲಿ ಕಾಣಲೇ ಇಲ್ಲ. ಕಿಣ್ವ ಮಾತ್ರ ಬಹುಪಾಲು ಹಾಗೇ ಇತ್ತು. ಟ್ಯೂಬು ಅದಲುಬದಲಾಗಿದೆ ಎಂದುಕೊಂಡು ಪ್ರಯೋಗವನ್ನು ಮತ್ತೆ ಮಾಡಿದೆ. ಉತ್ತರ ಅದೇ ಬಂತು. ಇದರಲ್ಲಿ ಗೂಢವೇನೂ ಇಲ್ಲ, ಎರಡರ ಆಯುಸ್ಸು ಬೇರೆ ಅಷ್ಟೆ. ಪೆಪ್‌ಸಿಕೆಯ ಸಂದೇಶ ಸುಮಾರು ಅರ್ಧ ಗಂಟೆಗೊಮ್ಮೆ ಅರ್ಧವಾಗುತ್ತದೆ. ಹೊಸದು ಬರದಿದ್ದರೆ ಮೂರು ಗಂಟೆಯಲ್ಲಿ ಅರವತ್ತನಾಲ್ಕರಲ್ಲಿ ಒಂದು ಪಾಲು ಉಳಿಯುತ್ತದೆ. ಕಿಣ್ವ ಅರ್ಧವಾಗಲು ಆರೇಳು ಗಂಟೆ ಬೇಕು. ಆ ಮೂರು ಗಂಟೆಯಲ್ಲಿ ಅದರ ನೂರಕ್ಕೆ ಎಪ್ಪತ್ತರಷ್ಟು ಪಾಲು ಉಳಿದಿರುತ್ತದೆ. ಸಂದೇಶ ನೋಡಿ ಕಿಣ್ವವನ್ನು ಊಹಿಸಬಾರದು ಎಂಬುದು ನನಗೆ ಮೊದಲು ತಿಳಿದದ್ದು ಆಗ. ಊಹಿಸಬಾರದ್ದು ಇನ್ನೂ ಒಂದಿದೆ ಎಂಬುದು ಆಗ ತಿಳಿದಿರಲಿಲ್ಲ.

4. ಎಲ್ಲ ಹಾರ್ಮೋನುಗಳೂ ಮಾತಾಡುತ್ತವೆ; ಇನ್ಸುಲಿನ್ ಮಾತು ನಡೆಯುತ್ತದೆ

ಜೀನಿನ ಮುಂದುಗಡೆ ಸುಮಾರು 500 ಅಕ್ಷರಗಳ ಒಂದು ತುಂಡು ಇದೆ, ಪ್ರಮೋಟರ್ ಎನ್ನುತ್ತಾರೆ. ಪೆಪ್‌ಸಿಕೆಯನ್ನು ಏರಿಸುವ, ಇಳಿಸುವ ಬಹುತೇಕ ಅಪ್ಪಣೆಗಳು ಇಲ್ಲಿಗೆ ಬಂದು ಸೇರುತ್ತವೆ. ಹೊಟ್ಟೆ ಖಾಲಿಯಾದಾಗ ಪ್ಯಾಂಕ್ರಿಯಾಸಿನಿಂದ ಗ್ಲುಕಗಾನ್ ಬರುತ್ತದೆ. ಅದು ಲಿವರಿನ ಕೋಶದಲ್ಲಿ ಸೈಕ್ಲಿಕ್ ಎಎಂಪಿಯನ್ನು ಏರಿಸುತ್ತದೆ. ಅದರಿಂದ ಎಚ್ಚೆತ್ತ ಪ್ರೋಟೀನ್ ಕೈನೇಸ್-ಎ, ಕ್ರೆಬ್ ಎಂಬ ಪ್ರೋಟೀನಿನ 133ನೇ ಸ್ಥಾನದ ಸೆರಿನ್ ಮೇಲೆ ಫಾಸ್ಫೇಟ್ ಕೂರಿಸುತ್ತದೆ. ಕ್ರೆಬ್ ಪ್ರಮೋಟರಿನ ಮೇಲೆ ಕೂತು ಜೊತೆಗಾರರನ್ನು ಕರೆಯುತ್ತದೆ. ಆ ಜೊತೆಗಾರರಲ್ಲಿ ಪಿಜಿಸಿ-1 ಆಲ್ಫಾದ ಪಾತ್ರ ತಿಳಿದದ್ದು 2001ರಲ್ಲಿ. ಇಲಿಗೆ ಸೈಕ್ಲಿಕ್ ಎಎಂಪಿ ಚುಚ್ಚಿದರೆ ಅರ್ಧ ಗಂಟೆಯೊಳಗೆ ಈ ಜೀನಿನ ನಕಲು ಹಲವು ಪಟ್ಟು ಹೆಚ್ಚುತ್ತದೆ. ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಬೇರೊಂದು ಜಾಗದಲ್ಲಿ ತನ್ನ ಗ್ರಾಹಕದ ಮೂಲಕ ಕೂತು ಅದನ್ನೇ ಮಾಡುತ್ತದೆ. ಥೈರಾಯ್ಡ್ ಹಾರ್ಮೋನಿಗೂ ಇಲ್ಲೊಂದು ಜಾಗವಿದೆ.

ಆಸ್ತಮಾಕ್ಕೋ ಕೀಲುವಾತಕ್ಕೋ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಏರುವುದನ್ನು ನೀವು ಕಂಡಿರಬಹುದು. ಕೋವಿಡ್ ದಿನಗಳಲ್ಲಿ ಡೆಕ್ಸಾಮೆಥಸೋನ್ ಕೊಟ್ಟಾಗ ಇದು ಮನೆಮನೆಯ ಅನುಭವವಾಯಿತು. ಸ್ಟೀರಾಯ್ಡು ಸ್ನಾಯುವಿನಲ್ಲೂ ಇನ್ಸುಲಿನ್‌ಗೆ ಅಡ್ಡ ಬರುತ್ತದೆ, ಲಿವರಿನಲ್ಲಿ ಸಕ್ಕರೆ ಕಟ್ಟುವ ಜೀನುಗಳನ್ನೂ ಎಬ್ಬಿಸುತ್ತದೆ. ಅದಕ್ಕಾಗಿ ಸ್ಟೀರಾಯ್ಡನ್ನು ತಾವಾಗಿ ನಿಲ್ಲಿಸಿದವರನ್ನು ಕಂಡಿದ್ದೇನೆ. ಅದು ಸಕ್ಕರೆಗಿಂತ ದೊಡ್ಡ ಅಪಾಯ, ದಯವಿಟ್ಟು ಹಾಗೆ ಮಾಡಬೇಡಿ.

ಇಷ್ಟೆಲ್ಲ ಎಬ್ಬಿಸುವವರ ಎದುರು ಇನ್ಸುಲಿನ್ ಒಂದೇ ಸಾಕು. 1983ರಲ್ಲಿ ಗ್ರ್ಯಾನರ್ ತಂಡ ಇಲಿಯ ಲಿವರ್ ಗಡ್ಡೆಯಿಂದ ಬೆಳೆಸಿದ ಕೋಶಗಳಲ್ಲಿ ಇನ್ಸುಲಿನ್ ಈ ಜೀನಿನ ನಕಲನ್ನು ನೇರವಾಗಿ ತಡೆಯುತ್ತದೆ ಎಂದು ತೋರಿಸಿತು. ಹಾರ್ಮೋನು ರಕ್ತದ ಸಕ್ಕರೆಯನ್ನು ಮಾತ್ರವಲ್ಲ, ಒಂದು ಜೀನಿನ ಓದನ್ನೇ ನಿಲ್ಲಿಸುತ್ತದೆ ಎನ್ನುವುದು ಆಗ ದೊಡ್ಡ ಸುದ್ದಿ. ನಮ್ಮ ಪ್ರಯೋಗಾಲಯದಲ್ಲೂ ಆ ಕೋಶಗಳಿದ್ದವು. ಸೈಕ್ಲಿಕ್ ಎಎಂಪಿ ಮತ್ತು ಡೆಕ್ಸಾಮೆಥಸೋನ್ ಎರಡನ್ನೂ ಒಟ್ಟಿಗೆ ಸುರಿದು ಸಂದೇಶವನ್ನು ಉಬ್ಬಿಸಿ, ಆಮೇಲೆ ಇನ್ಸುಲಿನ್ ಹಾಕುತ್ತಿದ್ದೆ. ಉಬ್ಬಿದ್ದು ಇಳಿಯುತ್ತಿತ್ತು. ನೂರು ಸಲ ಮಾಡಿದರೂ ಬೇಸರವಾಗದ ಪ್ರಯೋಗ ಅದು.

ಇನ್ಸುಲಿನ್ ಇದನ್ನು ಹೇಗೆ ಮಾಡುತ್ತದೆ ಎಂಬುದರ ಬಹುಮುಖ್ಯ ಸುಳಿವು ಬಂದದ್ದು ಇಲಿಯಿಂದಲ್ಲ, ಮಣ್ಣಿನ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಿಂದ. ಆ ಹುಳುವಿನ ಇನ್ಸುಲಿನ್ ಗ್ರಾಹಕದಂಥ ಜೀನು ಮತ್ತು ಅದರ ಕೆಳಗೆ ಕೆಲಸ ಮಾಡುವ ಡ್ಯಾಫ್-16 ಎಂಬ ಜೀನು ಎರಡೂ 1997ರಲ್ಲಿ ಗುರುತಾದವು. ಡ್ಯಾಫ್-16ರ ನೆಂಟನೇ ನಮ್ಮ ಲಿವರಿನ ಫಾಕ್ಸೊ-1. ಉಪವಾಸದಲ್ಲಿ ಫಾಕ್ಸೊ-1 ಕೋಶಕೇಂದ್ರದೊಳಗೆ ಕೂತು ಸಕ್ಕರೆ ಕಟ್ಟುವ ಜೀನುಗಳನ್ನು ಓದಿಸುತ್ತದೆ. ಇನ್ಸುಲಿನ್ ಬಂದರೆ ಎಕೆಟಿ ಎಂಬ ಕಿಣ್ವ ಅದರ ಮೇಲೆ ಫಾಸ್ಫೇಟ್ ಕೂರಿಸಿ ಕೇಂದ್ರದಿಂದ ಹೊರಗೆ ಕಳಿಸುತ್ತದೆ. ಕ್ರೆಬ್‌ಗೆ ಫಾಸ್ಫೇಟ್ ಕೂತರೆ ಜೀನು ಏಳುತ್ತದೆ, ಫಾಕ್ಸೊಗೆ ಕೂತರೆ ಮಲಗುತ್ತದೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ತಪ್ಪುವ ಜಾಗ ಇದೇ.

5. ಯಾವ ಪ್ರಾಣಿಯ ಲಿವರ್ ಎಂದು ಕೇಳಿ

ಪಾಠ ಮಾಡಲು ಸೇರಿದ ಹೊಸದರಲ್ಲಿ ಪ್ರಾಕ್ಟಿಕಲ್‌ಗೆ ಇಲಿ ಸಿಗುವುದು ಕಷ್ಟವಾಗಿತ್ತು. ಮಾರ್ಕೆಟ್ಟಿನಿಂದ ಆಗತಾನೆ ಕೊಯ್ದ ಕೋಳಿಯ ಲಿವರ್ ತರಿಸಿ ಪೆಪ್‌ಸಿಕೆ ಅಳೆಯೋಣ ಎಂದುಕೊಂಡೆ. ಮೇಲಿನ ತಿಳಿಯನ್ನು ತೆಗೆದು ಸ್ಪೆಕ್ಟ್ರೊಫೋಟೊಮೀಟರಿನಲ್ಲಿಟ್ಟರೆ, ಕಿಣ್ವವಿದ್ದರೆ ಇಳಿಯಬೇಕಾದ ಅಂಕಿ ಕದಲಲಿಲ್ಲ. ಮೂರು ಬ್ಯಾಚಿನಲ್ಲೂ ಅದೇ ಕಥೆ. ನಾಲ್ಕನೆಯ ಬ್ಯಾಚಿನಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ಮೇಡಂ, ಅಡಿಯಲ್ಲಿ ಕೂತಿದ್ದನ್ನ ಯಾಕೆ ಚೆಲ್ತೀವಿ?”

ಇಲಿಯ ಅಭ್ಯಾಸ ನನ್ನ ಕೈಗೆ ಅಂಟಿತ್ತು. ಇಲಿಯಲ್ಲೂ ಸುಂಡಿಲಿಯಲ್ಲೂ ಲಿವರಿನ ಪೆಪ್‌ಸಿಕೆಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಕೋಶದ ತಿಳಿರಸದಲ್ಲಿದೆ. ಕೋಳಿ, ಪಾರಿವಾಳಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೈಟೊಕಾಂಡ್ರಿಯದೊಳಗೆ. ಅಟರ್ ಮತ್ತು ಕುರಹಾಶಿ 1954ರಲ್ಲಿ ಹಿಡಿದದ್ದೂ ಆ ಮೈಟೊಕಾಂಡ್ರಿಯದ ಕಿಣ್ವವನ್ನೇ. ಅಡಿಯಲ್ಲಿ ಕೂತಿದ್ದನ್ನು ಹೆಪ್ಪುಗಟ್ಟಿಸಿ, ಕರಗಿಸಿ, ಒಡೆದು ಅಳೆದೆವು. ಅಂಕಿ ಸರಸರ ಇಳಿಯಿತು. ಆ ಹುಡುಗಿ ಈಗ ಮಕ್ಕಳ ವೈದ್ಯೆ.

ಮನುಷ್ಯರಲ್ಲಿ ಎರಡೂ ಇವೆ, ಸುಮಾರು ಅರ್ಧ-ಅರ್ಧ. ಇವು ಎರಡು ಬೇರೆ ಜೀನುಗಳು: ತಿಳಿರಸದ ಕಿಣ್ವದ ಜೀನು 20ನೇ ಕ್ರೋಮೊಸೋಮಿನಲ್ಲಿ, ಮೈಟೊಕಾಂಡ್ರಿಯದ್ದು 14ನೆಯದರಲ್ಲಿ. ಮೊದಲಿನದು ಹಾರ್ಮೋನಿನ ಮಾತು ಕೇಳಿ ಏರಿಳಿಯುತ್ತದೆ, ಎರಡನೆಯದು ಉಪವಾಸಕ್ಕೆ ಅಷ್ಟಾಗಿ ಅಲುಗುವುದಿಲ್ಲ. ಇಲಿಯಲ್ಲಿ ಕಂಡ ಏರಿಳಿತವನ್ನು ನೇರವಾಗಿ ಮನುಷ್ಯರಿಗೆ ಹೊದಿಸುವ ಮೊದಲು ಈ ಅರ್ಧವನ್ನು ನೆನೆಯಬೇಕು. ನಮ್ಮ ಪಠ್ಯಪುಸ್ತಕಗಳು ಇದನ್ನು ಇನ್ನೂ ಒಂದೇ ಸಾಲಿನಲ್ಲಿ ದಾಟಿಸುತ್ತವೆ. ಅದು ಸಾಲದು ಎಂದೇ ನನ್ನ ಅಭಿಪ್ರಾಯ.

6. ಹುಟ್ಟಿದ ಗಳಿಗೆಯಲ್ಲಿ ಈ ಜೀನು ಏಳುತ್ತದೆ

ಹೊಟ್ಟೆಯಲ್ಲಿರುವ ಇಲಿಮರಿಯ ಲಿವರಿನಲ್ಲಿ ತಿಳಿರಸದ ಪೆಪ್‌ಸಿಕೆ ಇಲ್ಲವೆನ್ನುವಷ್ಟು ಕಡಿಮೆ. ತಾಯಿಯ ರಕ್ತದಿಂದ ಗ್ಲೂಕೋಸ್ ಬರುತ್ತಿರುವಾಗ ಅದರ ಅಗತ್ಯವೂ ಇಲ್ಲ. ಹೊಕ್ಕುಳಬಳ್ಳಿ ಕತ್ತರಿಸಿದಾಗ ಸಕ್ಕರೆ ಇಳಿಯುತ್ತದೆ, ಇನ್ಸುಲಿನ್ ತಗ್ಗುತ್ತದೆ, ಗ್ಲುಕಗಾನ್ ಏರುತ್ತದೆ, ಕೆಲವೇ ಗಂಟೆಗಳಲ್ಲಿ ಕಿಣ್ವ ಕಾಣಿಸಿಕೊಳ್ಳುತ್ತದೆ. ಬಾಲರ್ಡ್ ಮತ್ತು ಹ್ಯಾನ್ಸನ್ ಇದನ್ನು 1967ರಲ್ಲೇ ಬರೆದರು. ಹುಟ್ಟಿನಿಂದಲೇ ಈ ಜೀನು ಕೆಟ್ಟಿರುವ ಮಕ್ಕಳು ಬಹಳ ವಿರಳ. ಫಿನ್ಲೆಂಡಿನ ಕೆಲವು ಕುಟುಂಬಗಳಲ್ಲಿ ಅಂಥ ಬದಲಾವಣೆ ಗುರುತಾಗಿದೆ. ಜ್ವರವೋ ವಾಂತಿಯೋ ಬಂದು ಊಟ ಬಿಟ್ಟರೆ ಆ ಮಕ್ಕಳ ಸಕ್ಕರೆ ಕುಸಿಯುತ್ತದೆ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಕಾರಣ ಹಲವು. ನನ್ನ ವಿದ್ಯಾರ್ಥಿಗಳಿಗೆ ಇದನ್ನೂ ಸೇರಿಸಿ ಹೇಳುತ್ತಿದ್ದೆ.

7. ಕಿಣ್ವ ತುಂಬಿದ್ದರೂ ದಾರಿ ಕಟ್ಟಬಹುದು

ಊಟವಿಲ್ಲದೆ ಕುಡಿದು ಮಲಗಿದವರು ಬೆಳಿಗ್ಗೆ ಎಚ್ಚರ ತಪ್ಪಿ ಆಸ್ಪತ್ರೆಗೆ ಬರುವುದನ್ನು ಎಲ್ಲ ಸರ್ಕಾರಿ ಆಸ್ಪತ್ರೆಯ ವೈದ್ಯರೂ ನೋಡಿರುತ್ತಾರೆ. ಅಮಲು ಎಂದು ಮನೆಯವರು ಬಿಟ್ಟಿರುತ್ತಾರೆ, ರಕ್ತ ನೋಡಿದರೆ ಸಕ್ಕರೆ 35 ಇರುತ್ತದೆ. ಅಂಥವರ ಲಿವರಿನಲ್ಲಿ ಉಪವಾಸದ ಕಾರಣಕ್ಕೆ ಪೆಪ್‌ಸಿಕೆ ಸಾಕಷ್ಟಿದ್ದರೂ ಫಲವಿಲ್ಲ. ಮದ್ಯ ಉರಿಯುವಾಗ ಎನ್‌ಎಡಿಎಚ್ ತುಂಬಿಕೊಳ್ಳುತ್ತದೆ. ಪೈರುವೇಟ್ ಲ್ಯಾಕ್ಟೇಟ್ ಆಗಿಬಿಡುತ್ತದೆ, ಆಕ್ಸಲೊಅಸಿಟೇಟ್ ಮಾಲೇಟ್ ಆಗಿಬಿಡುತ್ತದೆ. ಒಲೆಗಳು ಹೂಡಿವೆ, ಪಾತ್ರೆಗೆ ಹಾಕಲು ಅಕ್ಕಿ ಇಲ್ಲ.

ಬಿಹಾರದ ಮುಜಫರ್‌ಪುರದ್ದು ಇದಕ್ಕಿಂತ ಎದೆ ಹಿಂಡುವ ಕಥೆ. 2014ರ ಮೇ-ಜುಲೈ ನಡುವೆ ಅಲ್ಲಿನ ಎರಡು ಆಸ್ಪತ್ರೆಗಳಿಗೆ 390 ಮಕ್ಕಳು ಸೆಳವು, ಮೂರ್ಛೆಯಿಂದ ಬಂದರು. 122 ಮಕ್ಕಳು ತೀರಿಕೊಂಡರು. ಬಹುತೇಕರು ಬಡ ಮನೆಯವರು. ಬೆಳಗಿನ ಜಾವ ಬಿದ್ದವರೇ ಹೆಚ್ಚು. 2017ರಲ್ಲಿ ಹೊರಬಂದ ಅಧ್ಯಯನ ಎರಡು ಸಂಗತಿಗಳ ಕಡೆ ಬೆರಳು ತೋರಿಸಿತು: ಲಿಚಿ ಹಣ್ಣು ತಿಂದದ್ದು, ರಾತ್ರಿ ಊಟ ಮಾಡದ್ದು. ಲಿಚಿ ನಮ್ಮ ಅಂಟುವಾಳದ ಕುಟುಂಬದ ಮರ. ಅದರ ಹಣ್ಣಿನಲ್ಲಿರುವ ಹೈಪೊಗ್ಲೈಸಿನ್ ಮತ್ತು ಅದರ ಜಾತಿಯ ಇನ್ನೊಂದು ವಸ್ತು ಕೊಬ್ಬು ಉರಿಯುವುದನ್ನು ತಡೆಯುತ್ತವೆ. ಕೊಬ್ಬು ಉರಿಯದಿದ್ದರೆ ಅಸಿಟೈಲ್-ಕೋಎ ಇಲ್ಲ. ಅದಿಲ್ಲದಿದ್ದರೆ ಎರಡನೆಯ ಪಾಠದಲ್ಲಿ ಹೇಳಿದ ಆ ಪಕ್ಕದ ಕಿಣ್ವದ ಸ್ವಿಚ್ಚು ಬೀಳುವುದಿಲ್ಲ, ಪೆಪ್‌ಸಿಕೆಗೆ ಸರಕು ಬರುವುದಿಲ್ಲ. ಹೊಟ್ಟೆ ತುಂಬ ಉಂಡ ಮಗುವಿನ ಲಿವರಿನಲ್ಲಿ ಗ್ಲೈಕೋಜೆನ್ ಇರುತ್ತದೆ, ಅದು ಹಣ್ಣು ತಿಂದರೂ ರಾತ್ರಿ ದಾಟುತ್ತದೆ. ಹಸಿದು ಮಲಗಿದ ಮಗುವಿಗೆ ಆ ಆಸರೆ ಇರಲಿಲ್ಲ. ಈ ಪಾಠ ಹೇಳುವಾಗ ತರಗತಿಯಲ್ಲಿ ನಾನು ಚಿತ್ರ ಬರೆಯುವುದನ್ನು ನಿಲ್ಲಿಸಿ, ಇಷ್ಟನ್ನೇ ನಿಧಾನವಾಗಿ ಹೇಳುತ್ತಿದ್ದೆ.

8. ಜೀನು ಕಿತ್ತು ನೋಡಿದಾಗ ನಮ್ಮ ನಂಬಿಕೆ ಅಲುಗಿತು

ಪೆಪ್‌ಸಿಕೆಯೇ ಈ ದಾರಿಯ ಯಜಮಾನ, ಅದರ ಪ್ರಮಾಣ ಎಷ್ಟೋ ಸಕ್ಕರೆಯ ಹರಿವು ಅಷ್ಟು ಎಂದು ನಾವೆಲ್ಲ ನಂಬಿದ್ದೆವು. ನಂಬಲು ಕಾರಣವೂ ಇತ್ತು. ಉಪವಾಸದಲ್ಲಿ, ಮಧುಮೇಹದಲ್ಲಿ ಇಲಿಯ ಲಿವರಿನ ಪೆಪ್‌ಸಿಕೆ ಏರುತ್ತದೆ. 1994ರಲ್ಲಿ ಬಾರ್ಸಿಲೋನಾದ ತಂಡವೊಂದು ಲಿವರಿನಲ್ಲಿ ಈ ಕಿಣ್ವವನ್ನು ಹೆಚ್ಚಾಗಿ ತಯಾರಿಸುವ ಸುಂಡಿಲಿಯನ್ನು ಮಾಡಿದಾಗ ಅದರ ಸಕ್ಕರೆ ಏರಿತು. ನಾನು ‘ದರ ನಿರ್ಧರಿಸುವ ಕಿಣ್ವ’ ಎಂದು ಹಲಗೆಯ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದೆ.

2000ದಲ್ಲಿ ನ್ಯಾಶ್‌ವಿಲ್‌ನಿಂದ ಬಂದ ಲೇಖನ ಓದಿದ ದಿನ ಆ ಗೆರೆಯ ಬಗ್ಗೆ ಅನುಮಾನ ಬಂತು. ಮೈಯೆಲ್ಲ ಈ ಜೀನು ಇಲ್ಲದ ಮರಿಗಳು ಹುಟ್ಟಿ ಮೂರು ದಿನದೊಳಗೆ ಸತ್ತವು. ಅದು ನಿರೀಕ್ಷೆಯಂತೆಯೇ. ಆದರೆ ಲಿವರಿನಲ್ಲಿ ಮಾತ್ರ ಜೀನು ಕಿತ್ತ ಸುಂಡಿಲಿಗಳು ಬದುಕಿದವು. 24 ಗಂಟೆ ಉಪವಾಸ ಹಾಕಿದರೂ ಅವುಗಳ ರಕ್ತದ ಸಕ್ಕರೆ ಕುಸಿಯಲಿಲ್ಲ. ಬದಲಿಗೆ ಲಿವರಿನಲ್ಲಿ ಕೊಬ್ಬು ತುಂಬಿತು. ಸಕ್ಕರೆ ಎಲ್ಲಿಂದ ಬಂತು? ಮೂತ್ರಪಿಂಡದಲ್ಲೂ ಪೆಪ್‌ಸಿಕೆ ಇದೆ, ಅದು ನೆರವಿಗೆ ಬಂತು. ಗ್ಲಿಸರಾಲ್ ಕೂಡ, ಮೊದಲ ಪಾಠದಲ್ಲಿ ಹೇಳಿದಂತೆ, ಈ ಕಿಣ್ವವನ್ನು ದಾಟಿಯೇ ದಾರಿ ಸೇರುತ್ತದೆ. ಇಡೀ ಮೈ ಕೂಡ ಗ್ಲೂಕೋಸನ್ನು ಕಡಿಮೆ ಖರ್ಚು ಮಾಡಿತು.

2007ರಲ್ಲಿ ಡಲ್ಲಾಸಿನ ತಂಡ ಇನ್ನೂ ಖಚಿತವಾಗಿ ಅಳೆಯಿತು. ಲಿವರಿನಲ್ಲಿ ಪೆಪ್‌ಸಿಕೆ ಬೇರೆಬೇರೆ ಪ್ರಮಾಣದಲ್ಲಿರುವ ಸುಂಡಿಲಿಗಳನ್ನು ತೆಗೆದುಕೊಂಡು, ಪ್ರತಿಯೊಂದರ ಲಿವರಿನಲ್ಲಿ ಸಕ್ಕರೆ ಎಷ್ಟು ಹರಿಯುತ್ತದೆ ಎಂದು ನೋಡಿದರು. ಕಿಣ್ವದ ಪ್ರಮಾಣ ನೂರಕ್ಕೆ 90ರಷ್ಟು ಇಳಿದಾಗ ಹರಿವು ಇಳಿದದ್ದು 40ರಷ್ಟು ಮಾತ್ರ. ಒಂದು ದಾರಿಯ ಹರಿವು ಒಬ್ಬ ಯಜಮಾನನ ಕೈಯಲ್ಲಿರುವುದಿಲ್ಲ, ಹಲವು ಹೆಜ್ಜೆಗಳಲ್ಲಿ ಹಂಚಿಹೋಗಿರುತ್ತದೆ ಎಂದು ಎಡಿನ್‌ಬರೊದ ಕ್ಯಾಕ್ಸರ್ ಮತ್ತು ಬರ್ನ್ಸ್ 1973ರಲ್ಲೇ ಗಣಿತ ಹಾಕಿ ತೋರಿಸಿದ್ದರು. ಆ ಲೇಖನವನ್ನು ನಾನು ಪಿಎಚ್‌ಡಿಯಲ್ಲಿ ಓದಿದ್ದೆ, ನನ್ನ ಕಿಣ್ವಕ್ಕೆ ಅನ್ವಯಿಸಿ ನೋಡಿರಲಿಲ್ಲ. ಸಂದೇಶ ನೋಡಿ ಕಿಣ್ವ ಊಹಿಸಬಾರದು ಎಂದು 1988ರಲ್ಲಿ ಕಲಿತವಳು, ಕಿಣ್ವ ನೋಡಿ ಹರಿವು ಊಹಿಸಬಾರದು ಎಂದು ಒಪ್ಪಿಕೊಳ್ಳುವ ಹೊತ್ತಿಗೆ ನೂರಾರು ವೈದ್ಯರಿಗೆ ತಪ್ಪು ಅಡಿಗೆರೆ ಎಳೆದುಕೊಟ್ಟಿದ್ದೆ. ಮುಂದಿನ ವರ್ಷ ತರಗತಿಯಲ್ಲಿ ಅದನ್ನು ತಿದ್ದಿ ಹೇಳಿದೆ.

ಲಿವರಿನಲ್ಲಿ ಕೊಬ್ಬು ತುಂಬಿದ್ದೇಕೆ ಎಂಬುದೂ ಮುಖ್ಯ. ಈ ಕಿಣ್ವ ಮೈಟೊಕಾಂಡ್ರಿಯದ ಚಕ್ರದಿಂದ ಹೆಚ್ಚಾದ ಸರಕನ್ನು ಹೊರಗೆ ಸಾಗಿಸುವ ಬಾಗಿಲು ಕೂಡ. ಬಾಗಿಲು ಮುಚ್ಚಿದರೆ ಒಳಗೆ ಮಾಲೇಟ್ ಕಟ್ಟಿಕೊಂಡು ಚಕ್ರವೇ ನಿಧಾನವಾಗುತ್ತದೆ, ಕೊಬ್ಬು ಉರಿಯುವುದಿಲ್ಲ. ಕೊಬ್ಬಿನ ಕೋಶಗಳಲ್ಲಿ ಇದಕ್ಕೆ ಸಕ್ಕರೆಯ ಕೆಲಸವೇ ಇಲ್ಲ. ಅಲ್ಲಿ ಗ್ಲಿಸರಾಲಿನ ಭಾಗವನ್ನು ಕಟ್ಟಿಕೊಡುತ್ತದೆ. 2007ರಲ್ಲೇ ಹ್ಯಾನ್ಸನ್ ತಂಡ ಸ್ನಾಯುವಿನಲ್ಲಿ ಪೆಪ್‌ಸಿಕೆ ಹೆಚ್ಚಿಸಿದ ಸುಂಡಿಲಿಗಳನ್ನು ಪ್ರಕಟಿಸಿತು. ಅವು ಓಟದ ಪಟ್ಟಿಯ ಮೇಲೆ ನಿಲ್ಲದೆ ಐದಾರು ಕಿಲೋಮೀಟರ್ ಓಡಿದವು, ಮಾಮೂಲಿ ಸುಂಡಿಲಿ ಓಡಿದ್ದು 200 ಮೀಟರ್. ಹೆಚ್ಚು ತಿಂದೂ ತೆಳ್ಳಗಿದ್ದವು. ಒಂದು ಕಿಣ್ವಕ್ಕೆ ಒಂದೇ ಕೆಲಸ ಎಂದು ಕಲಿಸುವುದನ್ನೂ ನಾನು ಆಗ ಬಿಟ್ಟೆ.

9. ಮನುಷ್ಯರಲ್ಲಿ ಅಳೆದು ನೋಡಿ

ಮಧುಮೇಹಿಗಳ ಬೆಳಗಿನ ಸಕ್ಕರೆಗೆ ಪೆಪ್‌ಸಿಕೆ ಜೀನು ಜಾಸ್ತಿ ಓದಿಸಿಕೊಳ್ಳುವುದೇ ಕಾರಣ ಎಂಬ ಮಾತು ಪುಸ್ತಕಗಳಲ್ಲಿ ಬಹಳ ದಿನ ಇತ್ತು. 2009ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ, ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಬಂದವರ ಲಿವರಿನ ಚೂರುಗಳಲ್ಲಿ ಸಂದೇಶವನ್ನು ಅಳೆಯಿತು. ಬೆಳಗಿನ ಸಕ್ಕರೆ ಹೆಚ್ಚಿದ್ದವರಲ್ಲಿ ಪೆಪ್‌ಸಿಕೆಯ ಸಂದೇಶ ಹೆಚ್ಚಿರಲಿಲ್ಲ. ಇಲಿಯಲ್ಲಿ ಸರಿಯಾಗಿದ್ದ ಮಾತು ಮನುಷ್ಯರ ಟೈಪ್ 2 ಮಧುಮೇಹಕ್ಕೆ ಹೊಂದಲಿಲ್ಲ. ಆ ತಂಡ ಮುಂದಿಟ್ಟ ವಿವರಣೆ ಸರಕಿನ ಕಡೆ ನೋಡುತ್ತದೆ. ಇನ್ಸುಲಿನ್ ಮಾತು ಕೊಬ್ಬಿನ ಕೋಶಗಳಲ್ಲಿ ನಡೆಯದಿದ್ದರೆ ಅಲ್ಲಿಂದ ಗ್ಲಿಸರಾಲೂ ಕೊಬ್ಬಿನಾಮ್ಲಗಳೂ ಹೊಳೆಯಾಗಿ ಲಿವರಿಗೆ ಬರುತ್ತವೆ. ಗ್ಲಿಸರಾಲ್ ನೇರ ಸಕ್ಕರೆಯಾಗುತ್ತದೆ. ಕೊಬ್ಬಿನಾಮ್ಲ ಅಸಿಟೈಲ್-ಕೋಎ ಆಗಿ ಪಕ್ಕದ ಕಿಣ್ವದ ಸ್ವಿಚ್ಚು ಒತ್ತುತ್ತದೆ. ಒಲೆಗಳು ಅಷ್ಟೇ ಇವೆ, ಅಕ್ಕಿಯ ಮೂಟೆಗಳು ಬಂದು ಬೀಳುತ್ತಲೇ ಇವೆ.

ದೊಡ್ಡಮ್ಮನಿಗೆ ನಾನು ಇಷ್ಟೆಲ್ಲ ಹೇಳಲಿಲ್ಲ. ರಾತ್ರಿ ಊಟ ಬಿಟ್ಟರೆ ಬೆಳಗಿನ ಸಕ್ಕರೆ ಇಳಿಯುತ್ತದೆ ಎನ್ನುವುದು ಸುಳ್ಳು, ನಿಮ್ಮ ಲಿವರ್ ಸುಮ್ಮನಿರುವುದಿಲ್ಲ ಎಂದೆ. ಅವರು ತೆಗೆದುಕೊಳ್ಳುವ ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರಿನ ಈ ಉತ್ಪಾದನೆಯನ್ನೇ ತಗ್ಗಿಸುತ್ತದೆ. ಸಕ್ಕರೆ ತಿನ್ನದ ದಿನ ಮಾತ್ರೆ ಬೇಡ ಎಂದು ಅವರು ವಾರಕ್ಕೆರಡು ಸಲ ಬಿಡುತ್ತಿದ್ದರಂತೆ. ಬಿಡಬೇಡಿ ಎಂದೆ. ಈಗ ರಾತ್ರಿ ಏಳೂವರೆಗೆ ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು, ಆಮೇಲೆ ಅಂಗಳದಲ್ಲಿ ಅರ್ಧ ಗಂಟೆ ನಡಿಗೆ.

ಓದುಗರಲ್ಲಿ ಮಧುಮೇಹ ಇರುವವರು, ಅದರಲ್ಲೂ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು, ಏಕಾದಶಿಯೋ ರಂಜಾನೋ ಬಂದಾಗ ಉಪವಾಸಕ್ಕೆ ಕೂರುವ ಮೊದಲು ವೈದ್ಯರನ್ನು ಕಂಡು ಔಷಧಿಯ ಪ್ರಮಾಣ ಮತ್ತು ಹೊತ್ತನ್ನು ಕೇಳಿಕೊಳ್ಳಿ. ಗ್ಲೂಕೋಮೀಟರ್ ತೋರಿಸುವ ಅಂಕಿಯ ಪಕ್ಕದಲ್ಲಿ ಕೊನೆಯ ಊಟದ ಗಂಟೆಯನ್ನೂ ಬರೆದಿಟ್ಟು ಆ ಪುಸ್ತಕವನ್ನು ಜೊತೆಗೆ ಒಯ್ಯಿರಿ.